ನೆಟ್ಟಗೆ ನಿಂತವರ ಸೊಂಟ

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ರಾಮಾಂಜಿನಯ್ಯ ಒಂದು ಫಜೀತಿ ಮಾಡಿಕೊಂಡ. ತುಮಕೂರಿನ ಒಂದು ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಅಟೆಂಡರ್ ಕೆಲಸ. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆಯವನು, ಎಸ್ಸೆಸ್ಸೆಲ್ಸಿ ಪಾಸು, ಆಗ ಇಪ್ಪತ್ತೆರಡು ವಯಸ್ಸು. ಅದಕ್ಕೆ ಒಂದು ವರ್ಷ ಮುಂಚೆ ತುಮಕೂರಲ್ಲಿ ಡೇರೆ ಹಾಕಿದ್ದ ಸರ್ಕಸ್ಸಿನ ಒಂದು ಹೆಣ್ಣು ಚಿಂಪಾಂಜಿ ಜ್ವರ ಬಂದು ಸತ್ತಿತ್ತಂತೆ. ವಿಭಾಗದ ಮುಖ್ಯಸ್ಥರಾಗಿದ್ದ ಚನ್ನವೀರಯ್ಯ ಮೇಷ್ಟ್ರು ಅದನ್ನು ಕೇಳಿ ತರಿಸಿಕೊಂಡು ಕಾಲೇಜಿನ ಹಿಂದಿನ ಹೊಂಗೆಮರದ ಬುಡದಲ್ಲಿ ಹೂಳಿಸಿದ್ದರು. ಮಾಂಸವೆಲ್ಲ ಮಣ್ಣಾದ ಮೇಲೆ ಮೂಳೆಗಳನ್ನು ಅಗೆದು ತೆಗೆದು, ತೊಳೆದು, ಬಿಸಿಲಿಗೆ ಹರವಿ, ತಂತಿ ಕಟ್ಟಿ ನಿಲ್ಲಿಸುವ ಕೆಲಸ ಈ ಹೊಸಬನ ತಲೆಗೆ ಬಂತು.

ಅಗೆದ. ಒಂದೊಂದಾಗಿ ತೆಗೆದು ಗೋಣಿತಾಟಿನ ಮೇಲೆ ಜೋಡಿಸಿದ. ನೋಡಿದರೆ ನಾಲ್ಕು ಕೈ ಇವೆ, ಕಾಲೇ ಇಲ್ಲ. ನಾಲ್ಕರಲ್ಲೂ ಹೆಬ್ಬೆರಳು ಪಕ್ಕಕ್ಕೆ ಚಾಚಿಕೊಂಡಿದೆ. ಕಾಲು ಎಲ್ಲೋ ಮಣ್ಣಲ್ಲೇ ಉಳಿದಿರಬೇಕು ಎಂದುಕೊಂಡು ಮತ್ತೆ ಗುಂಡಿಗೆ ಇಳಿದ. ಎರಡು ದಿನ ಜರಡಿ ಹಿಡಿದು ಮಣ್ಣು ಸೋಸಿದ. ಕಲ್ಲು ಸಿಕ್ಕಿತು, ಒಂದು ಹಳೇ ಚಪ್ಪಲಿ ಸಿಕ್ಕಿತು, ಕಾಲು ಸಿಗಲಿಲ್ಲ. ಕೊನೆಗೆ ಅಳುವಂತಾಗಿ ಮೇಷ್ಟ್ರ ಮುಂದೆ ಹೋಗಿ ನಿಂತು, ನಾಯಿಯೋ ನರಿಯೋ ಎಳೆದುಕೊಂಡು ಹೋಗಿರಬೇಕು ಸಾರ್, ನನ್ನ ತಪ್ಪಿಲ್ಲ ಎಂದ. ಮೇಷ್ಟ್ರು ಬಂದು ನೋಡಿದವರು ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಗೋಣಿತಾಟಿನ ಪಕ್ಕ ನೆಲದ ಮೇಲೆಯೇ ಕೂತು, ಇವನನ್ನೂ ಕೂರಿಸಿಕೊಂಡು, ಇದೇ ಅದರ ಕಾಲು ಎಂದು ತೋರಿಸಿದರು. ಮರ ಹಿಡಿಯುವ ಕಾಲು, ಅದಕ್ಕೇ ಅದಕ್ಕೆ ಹೆಬ್ಬೆರಳು ಪಕ್ಕಕ್ಕಿದೆ. ನಮ್ಮದು ನೆಲ ಒದ್ದು ನಡೆಯುವ ಕಾಲು, ಹೆಬ್ಬೆರಳು ಬಂದು ಮಿಕ್ಕ ಬೆರಳುಗಳ ಸಾಲಿಗೆ ಸೇರಿಕೊಂಡಿದೆ.

ಅವತ್ತು ರಾಮಾಂಜಿನಯ್ಯ ಕೇಳಬಾರದ್ದನ್ನು ಕೇಳಿಬಿಟ್ಟ. ಮನುಷ್ಯ ಕೋತಿಯಿಂದ ಬಂದ ಅನ್ನುತ್ತಾರಲ್ಲ, ಹಾಗಾದರೆ ಇದು ನಮ್ಮ ಅಜ್ಜಿಯಾ ಸಾರ್ ಎಂದ. ಹೆಸರಲ್ಲೇ ಆಂಜನೇಯನನ್ನು ಇಟ್ಟುಕೊಂಡವನು, ಶನಿವಾರ ಒಪ್ಪೊತ್ತು ಮಾಡುವ ಮನೆಯವನು, ಅವನಿಗೆ ಇದು ಹುಡುಗಾಟದ ಮಾತಲ್ಲ. ಮೇಷ್ಟ್ರು ತಲೆಯಾಡಿಸಿದರು.

“ಅಜ್ಜಿ ಅಲ್ಲ ಕಣಯ್ಯ, ದಾಯಾದಿ. ಅವರಿಗೂ ನಮಗೂ ಒಬ್ಬಳೇ ಮುತ್ತಜ್ಜಿ. ಲಕ್ಷಾಂತರ ವರ್ಷದ ಹಿಂದೆ ಭಾಗ ಆಯ್ತು. ಅವರ ಪಾಲಿಗೆ ಮರ ಹೋಯ್ತು, ನಮ್ಮ ಪಾಲಿಗೆ ನೆಲ ಬಂತು.”

ಭಾಗ, ಪಾಲು, ದಾಯಾದಿ ಎಂದರೆ ನಮ್ಮ ಕಡೆಯವನಿಗೆ ಇನ್ನೇನೂ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ತೋಟ ಎರಡಾದರೆ ಒಬ್ಬನಿಗೆ ಬಾವಿ, ಇನ್ನೊಬ್ಬನಿಗೆ ದಾರಿ, ಇಬ್ಬರಿಗೂ ಒಂದೊಂದು ಕೊರತೆ. ಆ ಒಂದು ಮಾತಿನಿಂದ ರಾಮಾಂಜಿನಯ್ಯನಿಗೆ ಇಡೀ ಅಸ್ಥಿಪಂಜರ ಅರ್ಥವಾಗಿಹೋಯಿತು. ಮುಂದಿನ ಮೂವತ್ತೈದು ವರ್ಷ ಅವನು ಅದನ್ನೇ ಬೇರೆಯವರಿಗೆ ಅರ್ಥ ಮಾಡಿಸಿದ.

ಮಾಡಿಸಿದ ಎಂದರೆ ಅದೇನು ಅವನ ಕೆಲಸವಲ್ಲ. ಅವನ ಕೆಲಸ ಮ್ಯೂಸಿಯಮ್ಮಿನ ಬೀಗ ತೆಗೆಯುವುದು, ಗಾಜಿನ ಜಾಡಿ ಒರೆಸುವುದು, ಮೂಳೆ ಲೆಕ್ಕ ಮಾಡಿ ಹುಡುಗರಿಗೆ ಕೊಟ್ಟು ವಾಪಸು ಇಸಿದುಕೊಳ್ಳುವುದು. ಆದರೆ ಪರೀಕ್ಷೆ ಹತ್ತಿರ ಬಂತೆಂದರೆ ಫಸ್ಟ್ ಇಯರ್ ಹುಡುಗರು ಹುಡುಗಿಯರು ಪುಸ್ತಕ ಮಡಚಿಟ್ಟು ರಾಮಣ್ಣನ ಸುತ್ತ ಬಂದು ನಿಲ್ಲುತ್ತಿದ್ದರು. ಅವನು ಮನುಷ್ಯನದೊಂದು, ಚಿಂಪಾಂಜಿಯದೊಂದು, ಎರಡು ಅಸ್ಥಿಪಂಜರಗಳ ಮಧ್ಯೆ ನಿಂತು ತನ್ನ ಭಾಷೆಯಲ್ಲಿ ಶುರು ಮಾಡುತ್ತಿದ್ದ. ಬುರುಡೆಯ ತಳದಲ್ಲಿ ಬೆನ್ನುಹುರಿ ಇಳಿಯುವ ತೂತು ನೋಡಿ, ನಮ್ಮದು ನಟ್ಟನಡುವೆ ಇದೆ, ತಲೆ ಮೇಲೆ ಬಿಂದಿಗೆ ಹೊತ್ತ ಹಾಗೆ ತಲೆ ಬೆನ್ನಿನ ಮೇಲೆ ಕೂತಿದೆ. ಅದರದ್ದು ಹಿಂದಕ್ಕೆ ಸರಿದಿದೆ, ತಲೆ ಮುಂದಕ್ಕೆ ಜೋತುಬಿದ್ದಿದೆ. ನಮ್ಮ ತೊಡೆಮೂಳೆ ಸೊಂಟದಿಂದ ಮಂಡಿಗೆ ಓರೆಯಾಗಿ ಒಳಕ್ಕೆ ಬರುತ್ತೆ, ಅದಕ್ಕೇ ಒಂದು ಕಾಲೆತ್ತಿದರೂ ಬೀಳಲ್ಲ. ಅದರದ್ದು ನೆಟ್ಟಗೆ ಕಂಬದ ಹಾಗಿದೆ, ಎರಡು ಕಾಲಲ್ಲಿ ನಡೆದರೆ ಅತ್ತಿತ್ತ ತೊನೆಯುತ್ತೆ. ಅದರ ಕೈ ಕಾಲಿಗಿಂತ ಉದ್ದ, ನಮ್ಮ ಕಾಲು ಕೈಗಿಂತ ಉದ್ದ. ಹೀಗೆ ಹೇಳುತ್ತಾ ಹೇಳುತ್ತಾ ಸೊಂಟದ ಹತ್ತಿರ ಬರುವಾಗ ಅವನ ದನಿ ಸ್ವಲ್ಪ ತಗ್ಗುತ್ತಿತ್ತು.

ಚಿಂಪಾಂಜಿಯ ಸೊಂಟದ ಮೂಳೆ ಉದ್ದಕ್ಕೆ, ಚಪ್ಪಟೆಗೆ, ಎರಡು ಮೊರ ಆನಿಸಿಟ್ಟ ಹಾಗೆ. ಮನುಷ್ಯರದ್ದು ಗಿಡ್ಡ, ಅಗಲ, ದುಂಡಗೆ, ಒಳಗಿರುವುದನ್ನೆಲ್ಲ ಹೊತ್ತುಕೊಳ್ಳುವ ಬಾಂಡ್ಲಿಯ ಹಾಗೆ. ನೆಟ್ಟಗೆ ನಿಂತ ಮೇಲೆ ಹೊಟ್ಟೆಯ ಭಾರ ಹೊರುವುದಕ್ಕೆ ಬಾಂಡ್ಲಿ ಬೇಕಾಯಿತು. ಆದರೆ ನಿಂತದ್ದಕ್ಕೆ ದಂಡವೂ ತೆರಬೇಕಾಯಿತು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಕೂಸು ಬರುವ ದಾರಿ ಇಕ್ಕಟ್ಟಾಯಿತು. ಆ ಕಡೆ ಕೂಸಿನ ತಲೆ ದಪ್ಪವಾಗುತ್ತಾ ಹೋಯಿತು. ಚಿಂಪಾಂಜಿ ನೋವು ಬಂದರೆ ಗುಂಪು ಬಿಟ್ಟು ಪಕ್ಕಕ್ಕೆ ಹೋಗಿ ತಾನೇ ಹೆತ್ತು, ತಾನೇ ಕೈ ಚಾಚಿ ಮರಿಯನ್ನು ಎತ್ತಿಕೊಂಡು ಬರುತ್ತೆ. ನಮ್ಮ ಕೂಸು ಆ ಇಕ್ಕಟ್ಟಿನಲ್ಲಿ ತಿರುಗಿ, ಹೊರಳಿ, ಮುಖ ಹಿಂದು ಮಾಡಿಕೊಂಡು ಬರುತ್ತೆ. ತಾಯಿ ತಾನೇ ಎಳೆದುಕೊಳ್ಳುವ ಹಾಗಿಲ್ಲ. ಅದಕ್ಕೇ ನಮ್ಮ ಮನುಷ್ಯ ಜಾತಿಗೆ ಹೆರುವಾಗ ಇನ್ನೊಬ್ಬರು ಪಕ್ಕದಲ್ಲಿ ಬೇಕೇ ಬೇಕು ಎಂದು ರಾಮಾಂಜಿನಯ್ಯ ಮುಗಿಸುತ್ತಿದ್ದ. ಇದನ್ನು ಎಷ್ಟು ಜನಕ್ಕೆ ಹೇಳಿರಬಹುದು. ಇವತ್ತು ಊರೂರಲ್ಲಿ ಹೆರಿಗೆ ಮಾಡಿಸುವ ಡಾಕ್ಟರುಗಳಲ್ಲಿ ಎಷ್ಟೋ ಜನ ಮೊದಲು ಸೊಂಟದ ಮೂಳೆ ಹಿಡಿದದ್ದು ಅವನ ಕೈಯಿಂದಲೇ.

ಅವನಿಗೆ ಒಬ್ಬಳೇ ಮಗಳು, ಹೇಮಶ್ರೀ. ಎಂಟು ವರ್ಷದವಳಿದ್ದಾಗ ಬೇಸಿಗೆ ರಜಕ್ಕೆ ಸಿ.ಎಸ್. ಪುರಕ್ಕೆ ಹೋಗಿದ್ದಳು. ತೋಟದಲ್ಲಿ ತೆಂಗಿನಕಾಯಿ ತುಂಬಿದ್ದ ಟ್ರ್ಯಾಕ್ಟರ್ ಟ್ರೈಲರ್ ಬದುವಿನ ಮೇಲೆ ವಾಲಿಕೊಂಡಿತು. ಪಕ್ಕದಲ್ಲಿ ಬರುತ್ತಿದ್ದ ಮಗು ಅಡಿಗೆ ಸಿಕ್ಕಿತು. ಬದುಕಿದ್ದೇ ಹೆಚ್ಚು. ಸೊಂಟದ ಎಡಗಡೆ ಮುರಿದಿತ್ತು. ತುಮಕೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳು ಅಂಗಾತ ಮಲಗಿಸಿದರು. ಮೂರನೇ ತಿಂಗಳು ಎದ್ದು ನಿಂತಳು, ಆರನೇ ತಿಂಗಳು ಓಡಿದಳು. ಅವನ ಹೆಂಡತಿ ಭದ್ರಮ್ಮ ಹರಕೆ ತೀರಿಸಿ ಬಂದಳು. ಮನೆಯಲ್ಲಿ ಆ ಮಾತು ಅಲ್ಲಿಗೆ ಮುಗಿಯಿತು.

ರಾಮಾಂಜಿನಯ್ಯನಿಗೆ ಮುಗಿಯಲಿಲ್ಲ. ಅವನು ಎಕ್ಸ್‌ರೇ ತೆಗೆದುಕೊಂಡು ಹೋಗಿ, ನಿವೃತ್ತಿಯಾಗಿ ಸದಾಶಿವನಗರದ ಮನೆಯಲ್ಲಿದ್ದ ಚನ್ನವೀರಯ್ಯ ಮೇಷ್ಟ್ರಿಗೆ ತೋರಿಸಿದ್ದ. ಮೇಷ್ಟ್ರು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಬಾಂಡ್ಲಿ ಒಂದು ಕಡೆ ಒಳಕ್ಕೆ ನಗ್ಗಿದೆ ರಾಮಾಂಜಿ. ನಡೀತಾಳೆ, ಓಡ್ತಾಳೆ, ಏನೂ ತೊಂದರೆಯಿಲ್ಲ. ಬಸುರಿ ಆದಾಗ ಮಾತ್ರ ಮೊದಲ ದಿನಾನೇ ಡಾಕ್ಟರಿಗೆ ಹೇಳಿಬಿಡು. ಆಪರೇಷನ್ ಮಾಡಿ ತೆಗೆದುಕೋತಾರೆ, ಅಷ್ಟೇ.”

ಅಷ್ಟೇ. ಇದಕ್ಕಿಂತ ಸುಲಭದ ಮಾತು ಇದೆಯಾ ಹೇಳಿ. ಒಂದು ವಾಕ್ಯ. ಅದನ್ನು ಹೇಳುವುದಕ್ಕೆ ಓದು ಬೇಡ, ದುಡ್ಡು ಬೇಡ. ಅದೊಂದು ವಾಕ್ಯ ಈ ಮನುಷ್ಯನ ಬಾಯಿಂದ ಹೊರಡಬೇಕಾದ ದಿನ ಹೊರಡಲಿಲ್ಲ ಎನ್ನುವುದೇ ಇಲ್ಲಿರುವ ಕಥೆ. ಅವನ ಮೇಲೆ ಸಿಟ್ಟು ಬರುತ್ತೆ, ಆಮೇಲೆ ಅವನ ಜಾಗದಲ್ಲಿ ನಿಂತು ನೋಡಿದರೆ ಆ ಸಿಟ್ಟು ಎಲ್ಲಿ ಇಡಬೇಕೋ ತಿಳಿಯುವುದಿಲ್ಲ.

ಮಗಳು ಬಿ.ಕಾಂ. ಮುಗಿಸಿದ ಮೇಲೆ ಗಂಡು ನೋಡಲು ಶುರು ಮಾಡಿದರು. ಮೊದಲು ಗುಬ್ಬಿಯಿಂದ ಒಂದು ಕಡೆಯವರು ಬಂದರು. ಒಪ್ಪಿಗೆಯಾಗಿ, ಮಾತುಕತೆಯ ಹೊತ್ತಿಗೆ ಯಾರೋ ಸೊಂಟದ ವಿಷಯ ಅವರ ಕಿವಿಗೆ ಹಾಕಿದರು. ಜಾತಕ ಕೂಡಿ ಬರಲಿಲ್ಲ ಎಂದು ಹೇಳಿ ಕಳಿಸಿದರು. ಎರಡನೆಯವರಿಗೆ ರಾಮಾಂಜಿನಯ್ಯ ತಾನೇ ಮೊದಲೇ ಹೇಳಿದ. ಅವರು ಕಾಫಿ ಕುಡಿದು ಎದ್ದು ಹೋದವರು ಫೋನ್ ಕೂಡ ಮಾಡಲಿಲ್ಲ. ಹುಡುಗಿಗೆ ಸೊಂಟ ಇಲ್ಲವಂತೆ ಎಂದು ಮದುವೆ ಮನೆಗಳಲ್ಲಿ ಮಾತಾಡಿಕೊಂಡರು. ಭದ್ರಮ್ಮ ಮೂರು ದಿನ ಅತ್ತಳು. ನಾಲ್ಕನೇ ದಿನ ಕಣ್ಣೊರೆಸಿಕೊಂಡು, ಇನ್ನು ಮೇಲೆ ಈ ಮನೆಯಲ್ಲಿ ಆ ಮಾತು ಯಾರೂ ಎತ್ತಬಾರದು ಎಂದು ಗಂಡನಿಗೂ ಮಗಳಿಗೂ ಕಟ್ಟುನಿಟ್ಟು ಮಾಡಿದಳು. ಮಗಳಿಗೆ ಗೊತ್ತಿದ್ದುದು ಇಷ್ಟೇ: ಚಿಕ್ಕಂದಿನಲ್ಲಿ ಮುರಿದಿತ್ತು, ಕೂಡಿಕೊಂಡಿದೆ, ಹೇಳಿಕೊಂಡರೆ ಮದುವೆಯಾಗಲ್ಲ. ನಗ್ಗಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮೂರನೆಯವರು ಕುಣಿಗಲ್ಲಿನವರು. ಹುಡುಗ ಭಾನುಪ್ರಕಾಶ್, ಸೊಸೈಟಿಯಲ್ಲಿ ಕೆಲಸ, ಸಂಭಾವಿತ. ತಾಯಿ ರಂಗಲಕ್ಷ್ಮಮ್ಮ ತೋಟ ಮನೆ ಎರಡನ್ನೂ ಒಬ್ಬಳೇ ನಿಭಾಯಿಸಿದ ಗಟ್ಟಿಗಿತ್ತಿ. ತುಮಕೂರಿನ ಶೆಟ್ಟಿಹಳ್ಳಿಯಲ್ಲಿದ್ದ ರಾಮಾಂಜಿನಯ್ಯನ ಮನೆಯ ಹಾಲಿನಲ್ಲಿ ಕೂತು, ಹುಡುಗಿ ತಟ್ಟೆ ಹಿಡಿದು ಬಂದಾಗ, ಹೆಸರು ಕೇಳಿದಳು, ಓದು ಕೇಳಿದಳು. ಆಮೇಲೆ ಒಂದು ಲೋಟ ನೀರು ತಾರಮ್ಮ ಎಂದಳು. ನೀರು ಬೇಕಿರಲಿಲ್ಲ. ಹುಡುಗಿ ಅಡುಗೆಮನೆಗೆ ಹೋಗಿ ಬರುವುದನ್ನು ಹಿಂದಿನಿಂದ ಮುಂದಿನಿಂದ ನೋಡಬೇಕಿತ್ತು. ಹೆಣ್ಣು ನೋಡುವ ಎಲ್ಲರೂ ಮಾಡುವುದೇ. ಮಗಳು ನಡೆದಳು. ಮೂಲೆಯ ಕುರ್ಚಿಯಲ್ಲಿದ್ದ ರಾಮಾಂಜಿನಯ್ಯ ಉಸಿರು ಹಿಡಿದು ಅವಳ ಹೆಜ್ಜೆ ನೋಡುತ್ತಿದ್ದ. ಎಡಗಾಲು ಊರುವಾಗ ಸೊಂಟ ಒಂದೆಳೆಯಷ್ಟು ತಗ್ಗುತ್ತಿತ್ತು. ಆ ಹಾಲಿನಲ್ಲಿ ಅದು ಕಂಡದ್ದು ಅವನ ಕಣ್ಣಿಗೊಂದೇ.

“ನಡಿಗೆ ಲಕ್ಷಣವಾಗೈತೆ. ನಮಗೆ ಒಪ್ಪಿಗೆ ಕಣ್ರೀ ಬೀಗರೇ,” ಎಂದಳು ರಂಗಲಕ್ಷ್ಮಮ್ಮ.

ಬೀಗರು ಎಂದುಬಿಟ್ಟಳಲ್ಲ, ರಾಮಾಂಜಿನಯ್ಯನ ಬಾಯಿ ಅಲ್ಲಿಗೆ ಕಟ್ಟಿಹೋಯಿತು.

ಮದುವೆಯಾಗಿ ಒಂದೂವರೆ ವರ್ಷಕ್ಕೆ ಹೇಮಶ್ರೀ ಬಸುರಿಯಾದಳು. ಕುಣಿಗಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ತೋರಿಸುತ್ತಿದ್ದರು. ಪ್ರತಿ ಸಲವೂ ಅತ್ತೆ ಜೊತೆಗೆ ಹೋಗುತ್ತಿದ್ದಳು, ಅಕ್ಕರೆಯಿಂದಲೇ. ಹಿಂದೆ ಏನಾದರೂ ಏಟು, ಆಪರೇಷನ್ ಆಗಿತ್ತಾ ಎಂದು ಡಾಕ್ಟರಮ್ಮ ಕೇಳಿದಾಗ ಅತ್ತೆ ಪಕ್ಕದಲ್ಲೇ ನಿಂತಿದ್ದಳು. ಹುಡುಗಿ ಅಮ್ಮನ ಕಟ್ಟುನಿಟ್ಟು ನೆನೆಸಿಕೊಂಡು ಇಲ್ಲ ಎಂದಳು.

ಇದು ತಿಳಿದ ದಿನ ರಾಮಾಂಜಿನಯ್ಯನಿಗೆ ಊಟ ಸೇರಲಿಲ್ಲ. ಆದರೂ ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡ. ಚೊಚ್ಚಲ ಹೆರಿಗೆ ತವರಿನದ್ದು. ಏಳನೇ ತಿಂಗಳಲ್ಲಿ ಸೀಮಂತ ಮಾಡಿ ಕರೆದುಕೊಂಡು ಬಂದರೆ ಆಮೇಲೆ ಅವಳು ಶೆಟ್ಟಿಹಳ್ಳಿಯ ಮನೆಯಲ್ಲಿರುತ್ತಾಳೆ. ತನ್ನ ಕಾಲೇಜಿನ ಆಸ್ಪತ್ರೆಯಲ್ಲೇ, ತನ್ನ ಕೈಯಲ್ಲಿ ಮೂಳೆ ಕಲಿತ ಡಾಕ್ಟರ್ ಒಬ್ಬರಿಗೇ ತೋರಿಸಿ, ಎಕ್ಸ್‌ರೇ ಮುಂದಿಟ್ಟು, ಕಿವಿಯಲ್ಲಿ ಹೇಳಿದರಾಯಿತು. ಆಪರೇಷನ್ ಯಾಕೆ ಎಂದು ಬೀಗರು ಕೇಳಿದರೆ ಕೂಸು ದಪ್ಪಗಿತ್ತು ಎಂದರಾಯಿತು. ಯಾರ ಮರ್ಯಾದೆಯೂ ಹೋಗಲ್ಲ. ಎಷ್ಟು ಚೆನ್ನಾಗಿ ಲೆಕ್ಕ ಹಾಕಿದ್ದ ನೋಡಿ, ಎಲ್ಲವೂ ಇತ್ತು ಆ ಲೆಕ್ಕದಲ್ಲಿ, ಕೂಸು ಯಾವಾಗ ಬರುತ್ತೆ ಎನ್ನುವುದೊಂದು ಬಿಟ್ಟು.

ಏಳನೇ ತಿಂಗಳಲ್ಲಿ ಭಾನುಪ್ರಕಾಶನ ಅಜ್ಜ ತೀರಿಕೊಂಡರು. ಸಾವಾದ ಮನೆಯಲ್ಲಿ ಸೀಮಂತ ಬೇಡ, ಒಂಬತ್ತಕ್ಕೆ ಬಿದ್ದ ಮೇಲೆ ಮಾಡೋಣ ಎಂದಳು ರಂಗಲಕ್ಷ್ಮಮ್ಮ. ಸೀಮಂತವಿಲ್ಲದೆ ಹಾಗೇ ಕಳಿಸಿ ಎಂದು ಕೇಳುವುದು ಹೇಗೆ? ಭದ್ರಮ್ಮ ಒಂಬತ್ತನೇ ತಿಂಗಳಿಗೆ ಒಂದು ಶುಕ್ರವಾರ ಗೊತ್ತು ಮಾಡಿಸಿ, ಹಸಿರು ರೇಷ್ಮೆ ಸೀರೆ ತಂದು, ತಿಂಡಿಗೆ ಎಣ್ಣೆ ಹಿಟ್ಟು ಹೊಂದಿಸಿಕೊಂಡಳು. ಅದೇ ವಾರದ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ರಾಮಾಂಜಿನಯ್ಯ ಮ್ಯೂಸಿಯಮ್ಮಿನ ಬೀಗ ತೆಗೆಯುತ್ತಿದ್ದಾಗ ಅಳಿಯನ ಫೋನ್ ಬಂತು. ನೋವು ಶುರುವಾಗಿದೆ, ಸೇರಿಸಿದ್ದೀವಿ, ನಾರ್ಮಲ್ ಆಗುತ್ತೆ ಅನ್ನುತ್ತಿದ್ದಾರೆ, ಗಾಬರಿಯಾಗಬೇಡಿ ಮಾವ, ನಿಧಾನಕ್ಕೆ ಬನ್ನಿ ಎಂದ. ಅವನ ಪಕ್ಕದಲ್ಲಿ ರಂಗಲಕ್ಷ್ಮಮ್ಮನ ದನಿ ಕೇಳುತ್ತಿತ್ತು. ರಾಮಾಂಜಿನಯ್ಯ ಬರುತ್ತೀವಿ ಎಂದು ಮಾತ್ರ ಹೇಳಿ ಇಟ್ಟ.

ರಜಾ ಚೀಟಿ ಬರೆದುಕೊಟ್ಟು, ಆಟೋ ಹಿಡಿದು ಮನೆಗೆ ಹೋಗಿ, ಭದ್ರಮ್ಮನನ್ನು ಕರೆದುಕೊಂಡು ಕುಣಿಗಲ್ ಬಸ್ಸು ಹತ್ತುವ ಹೊತ್ತಿಗೆ ಹತ್ತೂಮುಕ್ಕಾಲು. ಬಸ್ಸು ಹೆಬ್ಬೂರು ದಾಟಿತು. ಆಮೇಲೆ ಭದ್ರಮ್ಮ, ಇಷ್ಟು ವರ್ಷ ಆ ಮಾತಿಗೆ ಬೀಗ ಹಾಕಿ ಇಟ್ಟಿದ್ದ ಭದ್ರಮ್ಮನೇ, ಅವನ ಕೈ ಹಿಡಿದುಕೊಂಡಳು.

“ಫೋನಲ್ಲೇ ಹೇಳಿಬುಡಿ. ಈಗ್ಲೇ ಹೇಳಿ. ಬೇಕಾದ್ರೆ ನನ್ನೇ ಬೈಲಿ, ನನ್ನೇ ಮನೆ ಸೇರಿಸದೆ ಇರ್ಲಿ.”

“ಫೋನಲ್ಲಿ ಹೇಳೋ ಮಾತಾ ಅದು. ಹೋಗಿ ಡಾಕ್ಟ್ರಿಗೇ ಎದುರಿಗೆ ಹೇಳ್ತೀನಿ.”

ಅವಳು ಬಿಡಲಿಲ್ಲ. ಅವನು ಫೋನ್ ಮಾಡಿದ. ಅಳಿಯ ಎತ್ತಿದ. ರಾಮಾಂಜಿನಯ್ಯ ಹೇಗಿದ್ದಾಳೆ ಎಂದು ಕೇಳಿದ. ನೋವು ತಿನ್ನುತ್ತಿದ್ದಾಳೆ ಮಾವ ಎಂದ ಅಳಿಯ. ನೀವು ತಿಂಡಿ ತಿಂದಿರಾ ಎಂದು ಕೇಳಿದ. ತಿಂದೆವು ಎಂದ ಮಾವ. ಆಮೇಲೆ ರಾಮಾಂಜಿನಯ್ಯ ಸರಿ ಎಂದು ಇಟ್ಟುಬಿಟ್ಟ. ಭದ್ರಮ್ಮ ಅವನ ಮುಖ ನೋಡಿದವಳು ಮತ್ತೆ ಕುಣಿಗಲ್ ಬರುವವರೆಗೆ ನೋಡಲಿಲ್ಲ. ಇವಳೇ ಕಿತ್ತುಕೊಂಡು ಹೇಳಬಹುದಿತ್ತು. ಆದರೆ ಆ ಹೆಂಗಸಿಗೆ ಅಳಿಯನ ಜೊತೆ ನೇರವಾಗಿ ಅಂಥ ಮಾತು ಆಡಿ ಅಭ್ಯಾಸವಿರಲಿಲ್ಲ.

ನರ್ಸಿಂಗ್ ಹೋಮ್ ತಲುಪಿದಾಗ ಹನ್ನೆರಡು. ವರಾಂಡದ ಬೆಂಚಿನ ಮೇಲೆ ಬೀಗರ ಕಡೆಯವರು ಆರು ಜನ ಕೂತಿದ್ದರು. ಬನ್ನಿ ಬನ್ನಿ ಎಂದು ಎದ್ದು ಜಾಗ ಕೊಟ್ಟರು. ಡಾಕ್ಟರಮ್ಮ ಒಳಗೆ ಹೋಗಿ ಬಂದು ಮಾಡುತ್ತಿದ್ದರು. ಅವರು ಹೊರಗೆ ಬಂದಾಗಲೆಲ್ಲ ಆರೂ ಜನ ಸುತ್ತ ನಿಲ್ಲುತ್ತಿದ್ದರು. ಮೊದಲ ಹೆರಿಗೆ, ಹೊತ್ತು ಹಿಡಿಯುತ್ತೆ, ಎಲ್ಲ ಸರಿಯಾಗಿದೆ ಎನ್ನುತ್ತಿದ್ದರು. ಅವರು ಒಬ್ಬರೇ ಸಿಗಲಿ, ಒಂದು ನಿಮಿಷ ಸಿಗಲಿ ಎಂದು ರಾಮಾಂಜಿನಯ್ಯ ಕಾದ. ಬಾಗಿಲ ಹತ್ತಿರ ಹೋಗುವುದು, ಯಾರಾದರೂ ನೋಡಿದರೆ ವಾಪಸು ಬಂದು ಕೂರುವುದು. ಒಳಗಿನಿಂದ ಮಗಳ ದನಿ ಕೇಳುತ್ತಿತ್ತು. ಮುಕ್ಕಮ್ಮ, ಉಸಿರು ಕಟ್ಟಿ ಕೆಳಕ್ಕೆ ಸರಿಯಾಗಿ ಮುಕ್ಕು, ಇಷ್ಟು ಮುಕ್ಕಿದರೆ ಆಗಲ್ಲ ಎಂದು ನರ್ಸಮ್ಮ ಗದರುವುದೂ ಕೇಳುತ್ತಿತ್ತು. ಕೂಸಿನ ತಲೆ ಈಗ ಎಲ್ಲಿ ಇರಬಹುದು, ಯಾವ ಮೂಳೆಗೆ ಹೋಗಿ ತಾಗಿರಬಹುದು ಎಂದು ಆ ಬೆಂಚಿನ ಮೇಲೆ ಕೂತಿದ್ದವರಲ್ಲಿ ಅವನೊಬ್ಬನಿಗೆ ಗೊತ್ತಿತ್ತು. ಗೊತ್ತಿದ್ದೂ ಕೂತಿದ್ದ. ಎರಡು ಗಂಟೆ ಕೂತಿದ್ದ.

ಎರಡು ಗಂಟೆಗೆ ಡಾಕ್ಟರಮ್ಮ ಬೇರೆಯೇ ಮುಖದಲ್ಲಿ ಹೊರಗೆ ಬಂದರು. ತಲೆ ಇಳಿಯುತ್ತಿಲ್ಲ, ಒಂದು ಕಡೆ ಸಿಕ್ಕಿಕೊಂಡ ಹಾಗಿದೆ, ಕೂಸಿನ ಎದೆಬಡಿತ ಕಡಿಮೆಯಾಗುತ್ತಿದೆ, ಈ ಹುಡುಗಿಗೆ ಹಿಂದೆ ಏನಾದರೂ ಆಗಿತ್ತೇನು ಎಂದು ಎಲ್ಲರನ್ನೂ ಕೇಳಿದರು. ಆಗ ರಾಮಾಂಜಿನಯ್ಯ ಎದ್ದು ನಿಂತ.

“ಎಂಟು ವರ್ಷದಲ್ಲಿ ಸೊಂಟ ಮುರಿದಿತ್ತು ಮೇಡಂ. ಎಡಗಡೆ. ಒಳಕ್ಕೆ ನಗ್ಗಿದೆ.”

ಡಾಕ್ಟರಮ್ಮ ಅವನನ್ನು ಒಂದು ಗಳಿಗೆ ನೋಡಿದರು. ಬೆಳಿಗ್ಗೆ ಹೇಳಬಾರದಿತ್ತೇನ್ರಿ ಎಂದರು, ಅಷ್ಟು ಹೊತ್ತಿಗೆ ಒಳಕ್ಕೆ ಹೊರಟಾಗಿತ್ತು. ಅರಿವಳಿಕೆ ಕೊಡುವವರು ಬರುವುದಕ್ಕೆ ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು. ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು ಕೂಸು. ಅಳಲಿಲ್ಲ. ಆಂಬುಲೆನ್ಸಿನಲ್ಲಿ ತುಮಕೂರಿಗೆ ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಮಾರನೇ ದಿನ ಮಧ್ಯಾಹ್ನದವರೆಗೆ ಇತ್ತು, ಆಮೇಲೆ ಇರಲಿಲ್ಲ.

ಕೂಸನ್ನು ಕುಣಿಗಲ್ಲಿನ ತೋಟದಲ್ಲಿ ಹೂತರು. ಬಿಳೀ ಬಟ್ಟೆಯಲ್ಲಿ ಸುತ್ತಿ ಗುಂಡಿಯವರೆಗೆ ಎತ್ತಿಕೊಂಡು ಹೋದವನು ರಾಮಾಂಜಿನಯ್ಯ. ಅಂಗೈಯಲ್ಲಿ ಆ ತಲೆ ಕೂತಿತ್ತು. ಜೀವಮಾನವೆಲ್ಲ ಬುರುಡೆ ಹಿಡಿದ ಕೈ, ಅದರ ಅಳತೆ ಬೇಡವೆಂದರೂ ತಾನೇ ತಿಳಿದುಕೊಂಡಿತು. ದೊಡ್ಡ ತಲೆಯೇನಲ್ಲ. ಸರಿಯಾದ ಅಳತೆಯ ತಲೆ. ಅವನು ಬದುವಿನ ಮೇಲೆ ಕುಸಿದು ಕೂತು ದನಿ ತೆಗೆದು ಅತ್ತ. ಭಾನುಪ್ರಕಾಶ್ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಹತ್ತಿರ ಬಂದವಳು ರಂಗಲಕ್ಷ್ಮಮ್ಮ. ಕಿರುಚುತ್ತಾಳೆ, ಮೋಸ ಮಾಡಿದಿರಿ ಅನ್ನುತ್ತಾಳೆ ಎಂದು ಅವನು ಕಾದ. ಅವಳು ಅನ್ನಲಿಲ್ಲ.

“ಮದುವೆ ಮುಂಚೆ ಹೇಳಿದ್ರೆ ನಾವು ಬ್ಯಾಡ ಅಂತಿದ್ವೇನೋ ಬೀಗರೇ, ಸುಳ್ಳು ಯಾಕೆ ಹೇಳ್ಲಿ. ಬಸುರಿ ಆದ್ಮೇಲೆ ಹೇಳಿದ್ರೆ ಬ್ಯಾಡ ಅಂತಿದ್ವಾ? ನಮ್ಮ ಮನೆ ಕೂಸಲ್ವಾ ಅದು?”

ಹಸಿ ಮೈಯ ಹುಡುಗಿ, ಅವಳಿಗೆ ಈಗಲೇ ಏನೂ ಹೇಳಬೇಡಿ ಎಂದು ರಂಗಲಕ್ಷ್ಮಮ್ಮನೇ ಎಲ್ಲರಿಗೂ ಹೇಳಿದಳು. ಆ ಗಟ್ಟಿಗಿತ್ತಿಯ ದೊಡ್ಡತನದ ಮರೆಯಲ್ಲಿ ರಾಮಾಂಜಿನಯ್ಯ ಇನ್ನೂ ಮೂರು ತಿಂಗಳು ಅವಿತುಕೊಂಡ.

ಹೇಮಶ್ರೀ ಕೊನೆಗೂ ತವರಿಗೆ ಬಂದಳು, ಬರಿಗೈಯಲ್ಲಿ. ಭದ್ರಮ್ಮ ಮಾಡಬೇಕಾದ ಬಾಣಂತನವನ್ನೆಲ್ಲ ಮಾಡಿದಳು, ಎಣ್ಣೆ ನೀರು, ಸೊಂಟಕ್ಕೆ ಬಟ್ಟೆ, ಮೆಣಸಿನ ಸಾರು. ಮೂರನೇ ದಿನದಿಂದ ಹುಡುಗಿಯ ರವಿಕೆ ಹಾಲಿನಲ್ಲಿ ನೆನೆಯುತ್ತಿತ್ತು, ಅದನ್ನು ನಿಲ್ಲಿಸಲು ಮಲ್ಲಿಗೆ ಹೂ ಕಟ್ಟಿದರು. ಅವಳು ಅಳುತ್ತಿರಲಿಲ್ಲ. ಎಲ್ಲರಿಗೂ ಹೂಂ ಎನ್ನುತ್ತಿದ್ದಳು. ಭಾನುಪ್ರಕಾಶ್ ಭಾನುವಾರ ಭಾನುವಾರ ಬಂದು ಅವಳ ಪಕ್ಕ ಕೂತು ಹೋಗುತ್ತಿದ್ದ, ಮಾವನ ಜೊತೆ ಮಾತಾಡುತ್ತಿರಲಿಲ್ಲ. ಯಾಕೆ ಎಂದು ಅವಳು ಕೇಳಲೂ ಇಲ್ಲ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳು ಅಪ್ಪನ ಊಟದ ಡಬ್ಬಿ ಹಿಡಿದು ಕಾಲೇಜಿಗೆ ಬಂದಳು. ಮನೆಯಲ್ಲಿ ಕೂತು ಕೂತು ಸಾಕಾಯಿತು ಎಂದಳು. ಹುಡುಗರಿಗೆ ರಜೆ, ಮ್ಯೂಸಿಯಂ ಖಾಲಿ. ಚಿಕ್ಕಂದಿನಲ್ಲಿ ಬಂದಿದ್ದಳೇ ಹೊರತು ದೊಡ್ಡವಳಾದ ಮೇಲೆ ಅವಳು ಅಲ್ಲಿಗೆ ಬಂದಿರಲಿಲ್ಲ. ಜಾಡಿಗಳ ಕಡೆ ನೋಡದೆ ನೇರವಾಗಿ ಹೋಗಿ ಚಿಂಪಾಂಜಿಯ ಮುಂದೆ ನಿಂತಳು. ಇದು ಹೆಣ್ಣಲ್ಲವಾ ಎಂದು ಕೇಳಿದಳು. ಹೌದು ಎಂದ. ಇದಕ್ಕೆ ಮರಿಯಾಗಿತ್ತಾ ಎಂದಳು. ಮೂವತ್ತೈದು ವರ್ಷದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಗೊತ್ತಿಲ್ಲ ಎಂದ.

“ಇದು ಒಂದೇ ಹೋಗಿ ಹೆತ್ತು ಬರತ್ತೆ ಅಂತ ನೀನು ಹುಡುಗ್ರಿಗೆ ಹೇಳೋದು ಕೇಳಿದೀನಿ ಅಪ್ಪ. ಕಾಡಲ್ಲಿರೋ ಪ್ರಾಣಿ. ಯಾರೂ ಇರಲ್ವಂತೆ ಅದಕ್ಕೆ. ನಂಗೆ ಅಷ್ಟು ಜನ ಇದ್ರು. ನಂಗೆ ಮುಕ್ಕೋಕೆ ಬರ್ಲಿಲ್ಲ. ನರ್ಸು ಹೇಳ್ತಾನೇ ಇದ್ರು, ಸರಿಯಾಗಿ ಮುಕ್ಕು ಅಂತ. ನಂಗೆ ಶಕ್ತಿನೇ ಬರ್ಲಿಲ್ಲ ಅಪ್ಪ. ನಾನೇ ನನ್ನ ಮಗೂನ ಸಾಯಿಸಿಬಿಟ್ಟೆ.”

ಮೂರು ತಿಂಗಳು ಅವಳು ಹೂಂ ಎನ್ನುತ್ತಾ ಒಳಗೆ ಇಟ್ಟುಕೊಂಡಿದ್ದುದು ಇದು. ರಾಮಾಂಜಿನಯ್ಯ ಮತ್ತೆ ಲೆಕ್ಕ ಹಾಕಿದ. ಹೇಳಿದರೆ ಮಗಳು ಹೋಗುತ್ತಾಳೆ. ಅಳಿಯ ಹೋದ ಹಾಗೆ ಇವಳೂ ಮುಖ ತಿರುಗಿಸುತ್ತಾಳೆ, ಇನ್ನೊಂದು ಸಲ ಅಪ್ಪ ಎನ್ನುತ್ತಾಳೋ ಇಲ್ಲವೋ. ಹೇಳದಿದ್ದರೆ ಅವಳು ತನ್ನನ್ನೇ ತಿನ್ನುತ್ತಾ ತಿನ್ನುತ್ತಾ ಮುಗಿದುಹೋಗುತ್ತಾಳೆ. ಹಣೆಬರಹ ಮಗಳೇ ಎಂದು ತಲೆ ನೇವರಿಸಿ ಮನೆಗೆ ಕಳಿಸಬಹುದಿತ್ತು. ಆ ಮಾತು ನಾಲಗೆಯ ತುದಿಗೆ ಬಂದಿತ್ತು ಕೂಡ.

ಅವನು ಕಪಾಟು ತೆಗೆದು ಮನುಷ್ಯರ ಸೊಂಟದ ಮೂಳೆ ಕೈಗೆ ತೆಗೆದುಕೊಂಡ. ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದ. ಹುಡುಗರಿಗೆ ಹೇಳಿಕೊಡುವ ಹಾಗೆಯೇ ಮೊದಲಿಂದ ಶುರು ಮಾಡಿದ, ಬೇರೆ ಯಾವ ರೀತಿಯಲ್ಲಿ ಮಾತಾಡುವುದು ಅವನಿಗೆ ಬರುತ್ತಿರಲಿಲ್ಲ. ಮರ ಅವರ ಪಾಲಿಗೆ ಹೋದದ್ದು, ನೆಲ ನಮ್ಮ ಪಾಲಿಗೆ ಬಂದದ್ದು, ಎದ್ದು ನಿಂತದ್ದು, ಮೊರದಂಥದ್ದು ಬಾಂಡ್ಲಿಯಾದದ್ದು, ದಾರಿ ಇಕ್ಕಟ್ಟಾದದ್ದು. ಸರಿಯಾದ ಸೊಂಟದಲ್ಲೇ ಕೂಸು ತಿರುಗಿ ತಿಣುಕಿ ಬರಬೇಕು ಎಂದ. ಅವಳು ಕೇಳುತ್ತಿದ್ದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಕಣ್ಣು ಎದುರಿಗಿರುವುದನ್ನು ನೋಡುತ್ತಿತ್ತು. ಎಡಗಡೆಯ ಅಂಚಿಗೆ ಬಂದಾಗ ಅವನ ಬೆರಳು ನಿಂತಿತು, ಮಾತೂ ನಿಂತಿತು. ಮುಂದೆ ಎಂದಳು ಅವಳು.

“ನಿಂದು ಇಲ್ಲಿ ನಗ್ಗಿತ್ತು ಮಗಳೇ. ಆ ಟ್ರೈಲರ್ ಬಿದ್ದಾಗ್ಲೇ. ನೀನು ಎಷ್ಟು ಮುಕ್ಕಿದ್ರೂ ಅದು ಬರ್ತಿರ್ಲಿಲ್ಲ. ನಿಂದೇನೂ ತಪ್ಪಿಲ್ಲ.”

ಅವಳು ಮೂಳೆಯಿಂದ ಕಣ್ಣೆತ್ತಿ ಅವನ ಮುಖ ನೋಡಿದಳು. ಅದು ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದಳು.

“ನೀನು ಎಂಟು ವರ್ಷದವಳಿದ್ದಾಗ,” ಎಂದ ರಾಮಾಂಜಿನಯ್ಯ.